ಮನೋರೋಗಿಗಳ ಬಂಧು ಡೊರೊಥಿಯಾ ಡಿಕ್ಸ್

ನಾನು ಚಿಕ್ಕವನಿದ್ದಾಗ ಅಜ್ಜಿಯ ಊರಿನ ಒಂದು ಮನೆಯ ಹಿತ್ತಿಲ ಕೋಣೆಗೆ ಸದಾ ಹೊರಗಿನಿಂದ ಅಗುಳಿ ಹಾಕಿರುತ್ತಿತ್ತು. ಒಳಗಿದ್ದವಳು ಆ ಮನೆಯ ಹಿರಿಯ ಮಗಳು. ಆಕೆಯ ಹೆಸರನ್ನು ನಾವು ಹುಡುಗರಾರೂ ಕೇಳಲಿಲ್ಲ. ನಮಗದು ಬರಿಯ ಹುಚ್ಚಿಯ ಕೋಣೆ. ಮೊನ್ನೆ ಅಮೆರಿಕದ ಡೊರೊಥಿಯಾ ಡಿಕ್ಸ್ ಅವರ ಚರಿತ್ರೆಯನ್ನು ಓದುತ್ತಿದ್ದಾಗ ಆ ಅಗುಳಿಯೇ ಕಣ್ಣಮುಂದೆ ಬಂದಿತು.

ಇಂದಿನ ಮೇಯ್ನ್ ರಾಜ್ಯದಲ್ಲಿ 1802ರಲ್ಲಿ ಹುಟ್ಟಿದ ಡಿಕ್ಸ್, ಬಾಸ್ಟನ್ ನಗರದಲ್ಲಿ ಶಾಲೆ ನಡೆಸುತ್ತಿದ್ದರು. ಆರೋಗ್ಯ ಕೆಟ್ಟು 1836ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಿವರ್‌ಪೂಲಿನ ರ್ಯಾಥ್‌ಬೋನ್ ಕುಟುಂಬದವರ ಆರೈಕೆಯಲ್ಲಿ ಚೇತರಿಸಿಕೊಂಡರು. ತಾವೇ ಪರರ ಆರೈಕೆಯಿಂದ ಎದ್ದವರಾದ್ದರಿಂದ ಅದಿಲ್ಲದವರ ಪಾಡು ಅವರಿಗೆ ಬೇಗ ಕಂಡಿತೆಂದು ನನ್ನ ಊಹೆ.

1841ರ ಮಾರ್ಚಿಯಲ್ಲಿ ಅವರು ಪೂರ್ವ ಕೇಂಬ್ರಿಜ್‌ನ ಸೆರೆಮನೆಗೆ, ಅಲ್ಲಿನ ಹೆಂಗಸರಿಗೆ ಭಾನುವಾರದ ಪಾಠ ಹೇಳಲು ಹೋದರು. ಯಾವ ಅಪರಾಧವನ್ನೂ ಮಾಡದ ಬುದ್ಧಿವಿಕಲರು ಕಳ್ಳರೊಡನೆ, ಬೆಂಕಿಯಿಲ್ಲದ ಕೋಣೆಗಳಲ್ಲಿ ನಡುಗುತ್ತಿದ್ದರು. ಹುಚ್ಚರಿಗೆ ಚಳಿ ತಿಳಿಯುವುದಿಲ್ಲವೆಂಬುದು ಕಾವಲಿನವರ ಸಮಾಧಾನ! ಡಿಕ್ಸ್ ನ್ಯಾಯಾಲಯದವರೆಗೂ ಹೋಗಿ ಆ ಕೋಣೆಗಳಿಗೆ ಬೆಂಕಿ ಹಾಕಿಸಿದರು.

ಅಷ್ಟಕ್ಕೇ ತೃಪ್ತರಾಗಿದ್ದರೆ ಅವರೊಬ್ಬ ದಯಾವತಿಯೆನಿಸಿಕೊಳ್ಳುತ್ತಿದ್ದರು, ಅಷ್ಟೆ. ಮುಂದೆ ಸುಮಾರು ಎರಡು ವರ್ಷ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಸೆರೆಮನೆ, ಅನಾಥಾಲಯಗಳನ್ನೆಲ್ಲ ಸುತ್ತಿದರು. ಎಲ್ಲಿ ಯಾರು ನೆಲಮಾಳಿಗೆಯಲ್ಲಿದ್ದಾರೆ, ಯಾರಿಗೆ ಸರಪಳಿ ಬಿಗಿದಿದೆ, ಯಾರಿಗೆ ಮೈಮೇಲೆ ಬಟ್ಟೆಯಿಲ್ಲ, ಎಲ್ಲವನ್ನೂ ಊರಿನ ಹೆಸರು ಸಹಿತ ಬರೆದುಕೊಂಡರು. ಇಂದು ನಾವು ಸಂಶೋಧನೆಯೆನ್ನುವುದು ಇದನ್ನೇ ಅಲ್ಲವೆ? 1843ರಲ್ಲಿ ಆ ವರದಿಯನ್ನು ಶಾಸನಸಭೆಗೆ ಒಪ್ಪಿಸಿದರು. ಹೆಂಗಸರಿಗೆ ಮತದಾನದ ಹಕ್ಕೂ ಇಲ್ಲದ ಕಾಲವದು. ಸಭೆಯ ಮುಂದಿಟ್ಟವರು ಸದಸ್ಯ ಸ್ಯಾಮ್ಯುಯೆಲ್ ಹೋವ್. ಕೆಲವು ಊರುಗಳ ಅಧಿಕಾರಿಗಳು ಎಲ್ಲ ಸುಳ್ಳೆಂದು ಕೂಗಾಡಿದರು. ಆದರೂ ವೂಸ್ಟರಿನ ಆಸ್ಪತ್ರೆಯನ್ನು ವಿಸ್ತರಿಸಲು ಹಣ ಮಂಜೂರಾಯಿತು. ಅವರ ಯತ್ನದಿಂದಲೇ ನ್ಯೂ ಜೆರ್ಸಿಯ ಟ್ರೆಂಟನ್‌ನಲ್ಲಿ 1848ರಲ್ಲಿ ಹೊಸ ಆಸ್ಪತ್ರೆ ತೆರೆಯಿತು.

ಬಳಿಕ ಅವರು ಇಡೀ ದೇಶದ ರೋಗಿಗಳಿಗಾಗಿ 1 ಕೋಟಿ 20 ಲಕ್ಷ ಎಕರೆಗೂ ಹೆಚ್ಚು ಸರಕಾರಿ ಜಮೀನು ಕೇಳಿದರು. 1854ರಲ್ಲಿ ಉಭಯ ಸಭೆಗಳೂ ಒಪ್ಪಿದವು; ಆದರೆ ದಾನಧರ್ಮ ಆಯಾ ರಾಜ್ಯಗಳ ಹೊಣೆಯೆಂದು ಅಧ್ಯಕ್ಷ ಪಿಯರ್ಸ್ ಮಸೂದೆಯನ್ನು ತಿರಸ್ಕರಿಸಿಬಿಟ್ಟರು. ಮನೋವೈದ್ಯರಿಗೂ ಮನೋರೋಗಿಗಳ ದಾದಿಯರಿಗೂ ತರಬೇತಿ ಕೊಡಿಸಲು ಅಲ್ಲಿನ ಕೇಂದ್ರ ಸರಕಾರ ಹಣ ತೆಗೆದಿಟ್ಟದ್ದು 1946ರ ಕಾನೂನಿನಿಂದ. ಒಂದು ಸಹಿಗೆ 92 ವರ್ಷಗಳ ಬೆಲೆ!

ಅಂತರ್ಯುದ್ಧದಲ್ಲಿ ಅವರು ಸೈನ್ಯದ ದಾದಿಯರ ಮೇಲ್ವಿಚಾರಕಿಯಾದರು. ಬಲು ಬಿಗಿ, ವೈದ್ಯರೊಡನೆ ಜಗಳವೂ ಆಯಿತು. 1863ರಲ್ಲಿ ಅಧಿಕಾರವನ್ನು ಮೊಟಕುಗೊಳಿಸಿದರು. ನನಗೆ ತೋರುವ ಕೊರತೆ ಬೇರೊಂದು. ಅವರು ಕಟ್ಟಡಗಳಿಗಾಗಿ ಹೋರಾಡಿದಷ್ಟು, ಅದರೊಳಗೆ ರಾತ್ರಿಯೆಲ್ಲ ರೋಗಿಯ ಬಳಿ ಕೂರುವವರ ಶಿಕ್ಷಣಕ್ಕಾಗಿ ಹೋರಾಡಲಿಲ್ಲ. ಆಸ್ಪತ್ರೆಗಳು ರೋಗಿಗಳಿಂದ ಕಿಕ್ಕಿರಿದವು. ಮನೋರೋಗಿಗಳ ದಾದಿಯರಿಗಾಗಿ ಆ ದೇಶದ ಮೊದಲ ಶಾಲೆ 1882ರಲ್ಲಿ ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ಆರಂಭವಾದಾಗ ಡಿಕ್ಸ್ ಅವರಿಗೆ 80 ವರ್ಷ. ಟ್ರೆಂಟನ್‌ನ ಆಸ್ಪತ್ರೆಯಲ್ಲಿಯೇ ಅವರಿಗೊಂದು ಬಿಡಾರ ಕೊಟ್ಟಿದ್ದರು. 1887ರ ಜುಲೈ 17ರಂದು ಅಲ್ಲಿಯೇ ತೀರಿಕೊಂಡರು. ಸಮಾಧಿ, ಅವರು ಹಿಂದೆ ಸೆರೆಮನೆಯ ಚಳಿ ಕಂಡಿದ್ದ ಕೇಂಬ್ರಿಜ್‌ನಲ್ಲಿಯೇ ಇದೆ.