ಡಿ. ಆರ್. ನಾಗರಾಜ್
ಡಿ. ಆರ್. ನಾಗರಾಜ್ (ಫೆಬ್ರವರಿ 20, 1954 – ಆಗಸ್ಟ್ 12, 1998) ಕನ್ನಡದ ಪ್ರಮುಖ ಸಾಹಿತ್ಯ ವಿಮರ್ಶಕರು ಹಾಗೂ ಸಂಸ್ಕೃತಿ ಚಿಂತಕರು. ಗೌರಿಬಿದನೂರಿಗೆ ನೆರೆಯ ದೊಡ್ಡಬಳ್ಳಾಪುರದ ನೇಕಾರ ಕುಟುಂಬದಲ್ಲಿ ಜನಿಸಿದ ಇವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಬಂಡಾಯ ಸಾಹಿತ್ಯ ಚಳವಳಿಯ ಮುಂಚೂಣಿಯಲ್ಲಿದ್ದರು.

ಜಾಕ್ ಡೆರಿಡಾ ಪ್ರತಿಪಾದಿಸಿದ ನಿರಚನವಾದವು, ಪರಸ್ಪರ ವಿರುದ್ಧವೆಂದು ತೋರುವ ಪರಿಕಲ್ಪನೆಗಳು ಒಂದನ್ನೊಂದು ಅವಲಂಬಿಸಿರುವುದನ್ನು ಪಠ್ಯದೊಳಗಿಂದಲೇ ತೋರಿಸುತ್ತದೆ. ನಾಗರಾಜರನ್ನು ನಿರಚನವಾದಿ ಎಂದು ಕರೆಯುವುದು ಸರಿಯಾಗದು. ಆದರೆ ಅವರ ಇಂಗ್ಲಿಷ್ ಕೃತಿ ‘ದಿ ಫ್ಲೇಮಿಂಗ್ ಫೀಟ್’ (1993) ಅಂಥ ಓದಿಗೆ ಸಮೀಪವಾದುದು. ಗಾಂಧಿ ಮತ್ತು ಅಂಬೇಡ್ಕರ್ ಅವರನ್ನು ಕೇವಲ ಎದುರಾಳಿಗಳೆಂದು ಕಾಣುವ ರೂಢಿಯನ್ನು ಅದು ಒಪ್ಪುವುದಿಲ್ಲ. ಮುಖಾಮುಖಿಯ ಫಲವಾಗಿ ಇಬ್ಬರೂ ಬದಲಾದರು, ಗಾಂಧಿ ಅಸ್ಪೃಶ್ಯತೆಯ ಆರ್ಥಿಕ ಮುಖವನ್ನೂ ಅಂಬೇಡ್ಕರ್ ಧರ್ಮದ ಮಹತ್ವವನ್ನೂ ಮನಗಂಡರು ಎಂಬುದು ಅಲ್ಲಿನ ವಾದ. ದಲಿತ ಚಳವಳಿಯ ಒಡನಾಡಿಯೊಬ್ಬರು ಆ ಕಾಲದಲ್ಲಿ ಹೀಗೆ ಬರೆಯುವುದು ಸುಲಭವಾಗಿರಲಿಲ್ಲ.

‘ಅಮೃತ ಮತ್ತು ಗರುಡ’, ‘ಶಕ್ತಿ ಶಾರದೆಯ ಮೇಳ’ ಇವರ ಇತರ ವಿಮರ್ಶಾ ಕೃತಿಗಳು. ಹೆಗ್ಗೋಡಿನ ಅಕ್ಷರ ಪ್ರಕಾಶನದ ‘ಅಕ್ಷರ ಚಿಂತನ’ ಮಾಲೆಯನ್ನು ಸಂಪಾದಿಸಿದರು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ‘ಸಾಹಿತ್ಯ ಕಥನ’ಕ್ಕೆ 1999ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಕೂಡ ನಿಧನಾನಂತರವೇ ಪ್ರಕಟವಾಯಿತು.