ಫಲ ತಡವಾಗದಿರಲಿ ಎಂದ ಸ್ಕಿನ್ನರ್

ಮಾಡಿದ ಕೆಲಸದ ಫಲ ಎಷ್ಟು ಬೇಗ ತಿಳಿಯುತ್ತದೆ ಎಂಬುದನ್ನು ಕಲಿಕೆ ಅವಲಂಬಿಸಿದೆ ಎಂದು ನಂಬಿ, ಆ ನಂಬಿಕೆಯನ್ನು ಪ್ರಯೋಗಾಲಯದಿಂದ ತರಗತಿಗೆ ತಂದವರು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್. 1904ರ ಮಾರ್ಚ್ 20ರಂದು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಪಟ್ಟಣದಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದ ಅವರಿಗೆ ಮೊದಲಿಗೆ ಸಾಹಿತಿಯಾಗುವ ಹಂಬಲವಿತ್ತು. ಅದು ಕೈಗೂಡದೆ 1928ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿ, 1931ರಲ್ಲಿ ಡಾಕ್ಟರೇಟ್ ಪಡೆದರು.

ಇಲಿಯು ಲಿವರ್ ಒತ್ತಿದೊಡನೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕ್ರಿಯೆಯನ್ನು ಬಲಪಡಿಸುವ ಇಂಥ ಫಲವೇ ಪುನರ್ಬಲನ. ಅದು ವಿಳಂಬವಾದಷ್ಟೂ ಕಲಿಕೆ ಕುಂಠಿತವಾಗುತ್ತದೆ. ನಡುವಿನ ಅವಧಿಯಲ್ಲಿ ಪ್ರಾಣಿ ಬೇರೇನನ್ನೋ ಮಾಡಿದ್ದರೆ, ಫಲವು ಆ ಕ್ರಿಯೆಗೇ ಅಂಟಿಕೊಳ್ಳುವ ಸಂಭವವೂ ಇರುತ್ತದೆ.

1953ರ ನವೆಂಬರ್‌ನಲ್ಲಿ ಸ್ಕಿನ್ನರ್ ತಮ್ಮ ಕಿರಿಯ ಮಗಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಶಾಲೆಗೆ ಹೋದರು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಸುಮ್ಮನೆ ಕುಳಿತಿದ್ದರು, ಕೆಲವರು ತಿಣುಕಾಡುತ್ತಿದ್ದರು. ಉತ್ತರ ಸರಿಯೇ ತಪ್ಪೇ ಎಂದು ತಿಳಿಯಲು ಎಲ್ಲರೂ ಮರುದಿನದವರೆಗೆ ಕಾಯಬೇಕಿತ್ತು. ಇಲಿಗೆ ದೊರೆತ ಅನುಕೂಲ ಮಗುವಿಗೆ ಇಲ್ಲವೆಂಬುದು ಅವರನ್ನು ಕಾಡಿತು. ಕೆಲವೇ ದಿನಗಳಲ್ಲಿ ಬೋಧನಾ ಯಂತ್ರದ ಮೊದಲ ಮಾದರಿ ಸಿದ್ಧವಾಯಿತು. 1954ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅದನ್ನು ಪ್ರದರ್ಶಿಸಿದರು. ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ವಿಂಗಡಿಸಿ, ಪ್ರತಿ ಉತ್ತರದ ಬೆನ್ನಿಗೇ ಸರಿ ತಪ್ಪನ್ನು ತಿಳಿಸುವುದು ಅದರ ಕ್ರಮ. 1920ರ ದಶಕದಲ್ಲೇ ಸಿಡ್ನಿ ಪ್ರೆಸ್ಸಿ ಇಂಥ ಸಾಧನ ರೂಪಿಸಿದ್ದರು.

ಯಂತ್ರಗಳು ಶಾಲೆಗಳಲ್ಲಿ ನೆಲೆಯೂರಲಿಲ್ಲ. ಮಕ್ಕಳನ್ನು ಯಾಂತ್ರಿಕಗೊಳಿಸುತ್ತವೆ ಎಂಬ ಆಕ್ಷೇಪವೂ ಕೇಳಿಬಂತು. ಭಾಷೆಯ ಕಲಿಕೆಯನ್ನು ಪುನರ್ಬಲನದಿಂದ ವಿವರಿಸುವ ಅವರ ಯತ್ನವನ್ನು 1959ರಲ್ಲಿ ನೋಮ್ ಚಾಮ್‌ಸ್ಕಿ ಕಟುವಾಗಿ ಟೀಕಿಸಿದರು. ಮನುಷ್ಯರ ವಿಷಯದಲ್ಲಿ ವಿಳಂಬ ಸದಾ ಹಾನಿಕರವಲ್ಲ ಎಂದೂ ನಂತರದ ಅಧ್ಯಯನಗಳು ತೋರಿಸಿದವು. ಪರೀಕ್ಷೆಯ ಉತ್ತರಗಳನ್ನು ಸ್ವಲ್ಪ ತಡವಾಗಿ ತಿಳಿಸಿದಾಗ, ಅವು ಹೆಚ್ಚು ಕಾಲ ನೆನಪಿನಲ್ಲಿ ಉಳಿದ ನಿದರ್ಶನಗಳಿವೆ. ಫಲವನ್ನು ಅದರ ಕ್ರಿಯೆಯೊಂದಿಗೆ ಮಾತಿನ ಮೂಲಕ ಜೋಡಿಸಿಕೊಳ್ಳುವ ಶಕ್ತಿ ಮನುಷ್ಯನಿಗಿದೆ.

1968ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು. 1989ರಲ್ಲಿ ರಕ್ತ ಕ್ಯಾನ್ಸರ್ ಪತ್ತೆಯಾದರೂ ಬರವಣಿಗೆ ನಿಲ್ಲಿಸಲಿಲ್ಲ. 1990ರ ಆಗಸ್ಟ್ 10ರಂದು ಬಾಸ್ಟನ್‌ನಲ್ಲಿ ಮನೋವಿಜ್ಞಾನಿಗಳ ಸಮಾವೇಶವನ್ನು ಉದ್ದೇಶಿಸಿ ಮಾತನಾಡಿದ ಅವರು, ಎಂಟೇ ದಿನಗಳಲ್ಲಿ, 86ನೇ ವಯಸ್ಸಿನಲ್ಲಿ ನಿಧನರಾದರು. ಅವರ ಯಂತ್ರಗಳು ಇಂದು ವಸ್ತುಸಂಗ್ರಹಾಲಯ ಸೇರಿವೆ. ಉತ್ತರ ಒತ್ತಿದ ಕ್ಷಣವೇ ಸರಿ ತಪ್ಪು ತೋರಿಸುವ ಮೊಬೈಲ್ ಪಾಠಗಳಲ್ಲಿ ಅವರ ವಿಧಾನ ಉಳಿದಿದೆ. ತಿದ್ದಿದ ಪುಸ್ತಕ ವಾರಗಟ್ಟಲೆ ಕೈಸೇರದ ಮಗುವಿನ ಪಾಲಿಗೆ ಸ್ಕಿನ್ನರ್ ಎತ್ತಿದ ಪ್ರಶ್ನೆ ಇನ್ನೂ ಹಳತಾಗಿಲ್ಲ.