ಕತ್ತೆಯನ್ನು ಮೇಷ್ಟರಾಗಿ ಬರೆದ ಗೋಯಾ

ಫ್ರಾನ್ಸಿಸ್ಕೋ ಗೋಯಾ 1746ರಲ್ಲಿ ಸ್ಪೇನ್ ದೇಶದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಮರದ ಕೆಲಸಗಳಿಗೆ ಚಿನ್ನದ ಲೇಪ ಹಾಕುವ ಕಸುಬುದಾರ. ಮಗ ಕಷ್ಟಪಟ್ಟು ಮೇಲೆ ಬಂದು 1789ರಲ್ಲಿ ಆಸ್ಥಾನದ ಚಿತ್ರಕಾರರಾದರು. ರಾಜ ರಾಣಿಯರ ಚಿತ್ರ ಬರೆದು ಒಳ್ಳೆಯ ಹೆಸರು, ಹಣ ಎರಡೂ ಗಳಿಸಿದರು.

1792ರ ಕೊನೆಯಲ್ಲಿ ಭಾರೀ ಕಾಯಿಲೆ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಆಮೇಲೆ ಅವರ ಚಿತ್ರಗಳೇ ಬದಲಾದವು.

1799ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ 80 ಚಿತ್ರಗಳ ಸಂಪುಟವನ್ನು ಮಾರಾಟಕ್ಕೆ ಇಟ್ಟರು. ಹೆಸರು ‘ಕಾಪ್ರಿಚೋಸ್’. ಒಂದರಲ್ಲಿ ಕತ್ತೆ ಮೇಷ್ಟರು ಕತ್ತೆಮರಿಗೆ ಅಕ್ಷರ ಕಲಿಸುತ್ತಿದೆ (ನಮ್ಮ ಉಪನ್ಯಾಸಕರು ಕ್ಷಮಿಸಬೇಕು). ಇನ್ನೊಂದರಲ್ಲಿ ಇಬ್ಬರು ಬಡವರು ಬೆನ್ನ ಮೇಲೆ ಕತ್ತೆಗಳನ್ನು ಹೊತ್ತಿದ್ದಾರೆ. ಕತ್ತೆ ಯಾರು ಎಂದು ಆಗಿನ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ. ಉರ್ದುವಿನಲ್ಲಿ ನಾವು ತನ್ಜ್ ಅನ್ನುವುದು ಇದನ್ನೇ. ಧರ್ಮದ್ರೋಹದ ಆರೋಪ ಹೊರಿಸಿ ಶಿಕ್ಷಿಸುವ ‘ಇನ್‌ಕ್ವಿಸಿಷನ್’ ಎಂಬ ನ್ಯಾಯಮಂಡಳಿ ಆಗ ಸ್ಪೇನ್‌ನಲ್ಲಿತ್ತು. ಅದು ಚೂಪು ಟೋಪಿ ತೊಡಿಸಿ ಅವಮಾನ ಮಾಡಿದ ಹೆಂಗಸನ್ನೂ ಗೋಯಾ ಬಿಡದೆ ಬರೆದರು.

ಸಂಪುಟದ ಬೆಲೆ 320 ರೆಯಾಲ್. ಮಾರಾಟವಾದದ್ದು 27 ಮಾತ್ರ, ಅಂದರೆ 8,640 ರೆಯಾಲ್. ಕೆಲವೇ ದಿನಗಳಲ್ಲಿ ಅವರೇ ಅದನ್ನು ವಾಪಸ್ ಪಡೆದರು. 1803ರಲ್ಲಿ ಎಂಬತ್ತೂ ತಗಡುಗಳನ್ನು, ಉಳಿದ 240 ಸಂಪುಟಗಳನ್ನು ರಾಜನಿಗೇ ಒಪ್ಪಿಸಿ, ಬದಲಿಗೆ ಮಗನಿಗೆ ಪಿಂಚಣಿ ಕೇಳಿ ಪಡೆದರು. ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ಇದನ್ನು ಜಾಣ ಲೆಕ್ಕಾಚಾರ ಅನ್ನುತ್ತೇನೆ. ರಾಜನ ಸೊತ್ತಾದ ಚಿತ್ರಗಳ ಮೇಲೆ ಯಾರು ಕೇಸು ಹಾಕುತ್ತಾರೆ? ಆದರೆ ಭಯವಿಲ್ಲದೆ ಯಾರೂ ಇಂಥ ವ್ಯಾಪಾರ ಮಾಡುವುದಿಲ್ಲ.

1808ರಲ್ಲಿ ನೆಪೋಲಿಯನ್ನನ ಸೈನ್ಯ ಬಂತು. ಕೊಲೆ, ಕ್ಷಾಮ, ತುಂಡಾದ ದೇಹಗಳು, ಎಲ್ಲವನ್ನೂ ಗೋಯಾ 82 ತಗಡುಗಳಲ್ಲಿ ಕೊರೆದರು. ಅವುಗಳಲ್ಲಿ ಎರಡೂ ಕಡೆಯವರ ಕ್ರೌರ್ಯ ಇದೆ. ಯುದ್ಧ ಮುಗಿದು ಮರಳಿ ಬಂದ ರಾಜ ಏಳನೇ ಫರ್ಡಿನಾಂಡ್ ಸಂವಿಧಾನವನ್ನು ರದ್ದು ಮಾಡಿ, ಇನ್‌ಕ್ವಿಸಿಷನ್ನನ್ನು ಮತ್ತೆ ತಂದ. ಹಾಗಾಗಿ ಆ ಚಿತ್ರಗಳು ಪೆಟ್ಟಿಗೆಯಲ್ಲೇ ಉಳಿದವು. ಅಚ್ಚಾದದ್ದು 1863ರಲ್ಲಿ.

1819ರಲ್ಲಿ ಮ್ಯಾಡ್ರಿಡ್ ನಗರದ ಹೊರಗೆ ಒಂದು ಮನೆ ಕೊಂಡರು. ಅದಕ್ಕೆ ಕಿವುಡನ ಮನೆ ಎಂದು ಹೆಸರು. ವಿಚಿತ್ರವೆಂದರೆ ಆ ಹೆಸರು ಮೊದಲಿನ ಒಬ್ಬ ಕಿವುಡ ಮಾಲೀಕನಿಂದ ಬಂದದ್ದು! ಅದರ ಗೋಡೆಗಳ ಮೇಲೆಯೇ 14 ಕಪ್ಪು ಚಿತ್ರಗಳನ್ನು ಬರೆದರು. ಒಂದರಲ್ಲಿ ಕಣ್ಣು ಕೆರಳಿದ ಮುದುಕ ದೇವತೆ ಸ್ಯಾಟರ್ನ್ ತನ್ನ ಮಗುವನ್ನೇ ತಿನ್ನುತ್ತಿದ್ದಾನೆ. ತನ್ನ ಪ್ರಜೆಗಳನ್ನೇ ನುಂಗುವ ಆಳ್ವಿಕೆಯನ್ನು ಅದರಲ್ಲಿ ಹಲವರು ಕಂಡಿದ್ದಾರೆ. ನನಗೂ ಹಾಗೇ ಕಾಣುತ್ತದೆ. ಈ ಚಿತ್ರಗಳನ್ನು ಯಾರೂ ಕೊಳ್ಳಲಿ ಎಂದು ಬರೆದದ್ದಲ್ಲ.

1824ರಲ್ಲಿ ಚಿಕಿತ್ಸೆಯ ನೆಪ ಹೇಳಿ ರಾಜನ ಅಪ್ಪಣೆ ಪಡೆದು ಫ್ರಾನ್ಸ್‌ಗೆ ಹೋದರು. 1828ರಲ್ಲಿ ಬೋರ್ಡೋ ನಗರದಲ್ಲಿ ತೀರಿಕೊಂಡರು. ಗೋಡೆಯ ಚಿತ್ರಗಳನ್ನು ಕಿತ್ತು ಬಟ್ಟೆಗೆ ಅಂಟಿಸುವ ಕೆಲಸ ಶುರುವಾದದ್ದು 1874ರಲ್ಲಿ. ಈಗ ಅವು ಮ್ಯಾಡ್ರಿಡ್‌ನ ಪ್ರಾಡೋ ಸಂಗ್ರಹಾಲಯದಲ್ಲಿವೆ.